ಗ್ರೀನ್‌ಲ್ಯಾಂಡಿನಲ್ಲಿ ನಾನು ಹೇಳದೆ ಬಿಟ್ಟ ಮಾತು

ಹೋದ ತಿಂಗಳು ಮದ್ದೂರಿನಲ್ಲಿ ಮಳವಳ್ಳಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಪಕ್ಕದ ಪಂಚರ್ ಅಂಗಡಿಯಲ್ಲಿ ವಯಸ್ಸಾದವರೊಬ್ಬರು ಟ್ಯೂಬನ್ನು ಉಜ್ಜಿ ಅದಕ್ಕೆ ಸಲ್ಯೂಷನ್ ಬಳಿಯುತ್ತಿದ್ದರು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಾನು ಅಂಗಡಿಯ ಕಂಬ ಹಿಡಿದುಕೊಂಡೆ. ಹೆದರಿಕೆಯಿಂದಲ್ಲ, ಸಿಟ್ಟಿನಿಂದ.

"ತಲೆ ಸುತ್ತು ಬಂತೇನಮ್ಮ? ಕೂತ್ಕಳಿ" ಎಂದು ಅವರು ಸ್ಟೂಲನ್ನು ನನ್ನ ಕಡೆ ತಳ್ಳಿದರು. ಕೂತೆ.

ಎರಡು ವರ್ಷದ ಹಿಂದಿನ ಆಗಸ್ಟ್ ತಿಂಗಳಲ್ಲಿ ಗ್ರೀನ್‌ಲ್ಯಾಂಡಿನ ಪಶ್ಚಿಮ ಕರಾವಳಿಯಲ್ಲಿ, ಒಂದು ಸಣ್ಣ ಹಾಯಿದೋಣಿಯ ಮೇಲೆ ಕೂತು ಒಬ್ಬ ಮುದುಕ ಇದೇ ವಾಸನೆಯ ಸಲ್ಯೂಷನ್ನನ್ನು ಹಳೇ ರಬ್ಬರ್ ಸೂಟಿನ ಮಣಿಕಟ್ಟಿಗೆ ಬಳಿಯುತ್ತಿದ್ದ. ಬಳಿಯುತ್ತಲೇ ಬೈಯುತ್ತಿದ್ದ. ಆ ಸೂಟು ಹಾಕಿಸಿಕೊಂಡವನ ಮನೆಗೇ ನಾನು ಈಗ ಹೊರಟಿದ್ದೆ. ಎರಡು ವರ್ಷದಲ್ಲಿ ಮೊದಲ ಸಲ.

ನಾನು ಮಂಡ್ಯದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವಳು. ಊರು ಕೆರಗೋಡಿನ ಹತ್ತಿರ. ನೀರಿನಲ್ಲಿ ಕರಗಿರುವ ಕಬ್ಬಿಣ ನನ್ನ ಸಂಶೋಧನೆಯ ವಿಷಯ. ವೈದ್ಯನಾಥಪುರದ ಶಿಂಷಾ ದಂಡೆಯಿಂದ ಹಿಡಿದು ಮುತ್ತತ್ತಿ ಕಡೆಯ ಕಾವೇರಿಯವರೆಗೆ ವರ್ಷಗಟ್ಟಲೆ ಬಾಟಲಿ ಹಿಡಿದು ಅಲೆದಿದ್ದೇನೆ. ಹಾಗೆ ಅಲೆಯುವಾಗ ಮಳವಳ್ಳಿ ತಾಲ್ಲೂಕಿನ ಒಂದು ಹೊಳೆದಂಡೆಯ ಊರಿನಲ್ಲಿ ಮಾದೇವ ಸಿಕ್ಕಿದ. ಮೀನು ಹಿಡಿಯುವ ಮನೆತನದವನು, ನನಗಿಂತ ಎರಡು ವರ್ಷ ಚಿಕ್ಕವನು. ಅವನ ಹರಿಗೋಲಿನಲ್ಲಿ ಕೂತು ನಡುಹೊಳೆಯ ನೀರು ತೆಗೆಯುತ್ತಿದ್ದೆ.

ಅವನಿಗೆ ಇನ್ನೊಂದು ಕೆಲಸವೂ ಇತ್ತು. ಹೊಳೆಯಲ್ಲಿ ಯಾರಾದರೂ ಮುಳುಗಿದರೆ ಸುತ್ತಲಿನ ಠಾಣೆಗಳವರು ಅವನನ್ನೇ ಕರೆಯುತ್ತಿದ್ದರು. ಒಂದು ಸಲ ನಾನು ಅಲ್ಲೇ ಇದ್ದೆ. ಮುಳುಗಿದವನನ್ನು ಎರಡು ದಿನ ಹುಡುಕಿ ಎಲ್ಲರೂ ಕೈಚೆಲ್ಲಿದ್ದರು. ಮಾದೇವ ಬಂದು, ಅಂಗಿ ಬಿಚ್ಚಿಟ್ಟು, ನಾಲ್ಕನೆಯ ಮುಳುಗಿಗೆ ಶವದ ತೋಳು ಹಿಡಿದು ಮೇಲೆ ಬಂದ. ಸತ್ತವನ ತಾಯಿ ಅವನ ಕಾಲು ಹಿಡಿದುಕೊಂಡರು.

"ಆ ಕೆಂಪು ನೀರಿನಲ್ಲಿ ಹೆಂಗೆ ಕಾಣ್ತದೆ ಮಾದೇವ?" ಎಂದು ಆಮೇಲೆ ಕೇಳಿದೆ.

"ಕಾಣಾದೆಲ್ಲಿ ಬಂತು ಮೇಡಮ್ನೋರೆ. ತಡಕ್ತೀನಿ ಅಷ್ಟೆಯ. ಕಲ್ಲು ಕಲ್ಲಿನಂಗಿರ್ತದೆ, ಬೇರು ಬೇರಿನಂಗಿರ್ತದೆ, ಮನುಸ ಮನುಸನಂಗಿರ್ತಾನೆ. ಬೆಳ್ಳಿಗೆ ಗೊತ್ತಾಯ್ತದೆ."

ಬೆಳ್ಳು ಎಂದರೆ ಬೆರಳು. ಅವನ ಬೆರಳುಗಳನ್ನು ನಾನು ಅವತ್ತು ಸರಿಯಾಗಿ ನೋಡಿದೆ. ದಪ್ಪ, ಗಂಟುಗಂಟು, ಬಲೆಯ ದಾರ ಕೊಯ್ದ ಗೆರೆಗಳು.

ಕ್ಯಾಪ್ಟನ್ ಬಂದದ್ದು ಅದೇ ವರ್ಷದ ಕೊನೆಗೆ. ಎಲ್ಲರೂ ಅವನನ್ನು ಹಾಗೇ ಕರೆಯುತ್ತಿದ್ದರು. ಹೆಸರು ಬರೆಯುವುದಿಲ್ಲ, ಅದು ಈಗಾಗಲೇ ಬೇಕಾದಷ್ಟು ಬ್ಯಾನರುಗಳ ಮೇಲೆ ದೊಡ್ಡ ಅಕ್ಷರದಲ್ಲಿದೆ. ಬೆಳೆದದ್ದು, ಓದಿದ್ದು ಎಲ್ಲ ಉತ್ತರದ ಕಡೆ. ತಾತ ಮಂಡ್ಯದವರಂತೆ. ಕನ್ನಡ ಎರಡೇ ವಾಕ್ಯ ಬರುತ್ತಿತ್ತು, ಆ ಎರಡನ್ನೂ ವೇದಿಕೆಯ ಮೇಲೆ ಖರ್ಚು ಮಾಡುತ್ತಿದ್ದ. ಸಣ್ಣ ಹಾಯಿದೋಣಿಯಲ್ಲಿ ಉತ್ತರ ಧ್ರುವದ ಕಡೆಯ ಸಮುದ್ರಕ್ಕೆ ಹೋಗುವುದು, ಯಾರ ಸಹಾಯವೂ ಇಲ್ಲದೆ ಹೋಗಿ ಬರುವುದು, ಅದನ್ನು ಚಿತ್ರ ಮಾಡುವುದು ಅವನ ಯೋಜನೆ. ಯಾತ್ರೆಗೆ ತೂಕ ಬರಲು ಒಬ್ಬ ವಿಜ್ಞಾನಿ ಬೇಕಿತ್ತು. ಹಿಮನದಿ ಕರಗಿ ಸಮುದ್ರಕ್ಕೆ ಸೇರುವ ಜಾಗದ ನೀರು ಸಿಗುತ್ತದೆಂದ ಕೂಡಲೇ ನಾನು ಎರಡನೆಯ ಮಾತಾಡಲಿಲ್ಲ. "ನೀರಿಗೆ ಅಂಜದ ಕೆಲಸದ ಆಳು ಯಾರಾದರೂ ಇದ್ದಾರಾ?" ಎಂದ. ಮಾದೇವನ ಹೆಸರು ಹೇಳಿದ್ದು ನಾನು.

ಮಾದೇವನ ಹೆಂಡತಿ ಶಿವಮ್ಮನಿಗೆ ಇದು ಸರಿಬರಲಿಲ್ಲ. "ಇಲ್ಲಿ ಒಳೆ ಇಲ್ವಾ? ಆ ಐಸಿನಾಗೆ ಏನು ಮಡಗವ್ರೆ?" ಎಂದಳು.

ಮಾದೇವ ನನ್ನ ಮುಖ ನೋಡಿದ. "ನೀವೂ ಬತ್ತೀರಾ?"

"ಬತ್ತೀನಿ."

"ಅಂಗಾದ್ರೆ ನಾನೂ ಬತ್ತೀನಿ. ನಂಗೆ ಆ ಭಾಸೆ ಬರಾಕಿಲ್ಲ. ಅವ್ರು ಅಂದಿದ್ದ ನಂಗೆ ಯೋಳ್ಬೇಕು, ನಾನಂದಿದ್ದ ಅವ್ರಿಗೆ ಯೋಳ್ಬೇಕು. ನೀವಿದ್ರೆ ಆಯ್ತದೆ."

ಹೇಳುತ್ತೇನೆ ಎಂದು ಶಿವಮ್ಮನ ಎದುರಿಗೇ ಒಪ್ಪಿಕೊಂಡೆ.

ದೋಣಿಯಲ್ಲಿ ಒಟ್ಟು ಐದು ಜನ. ಕ್ಯಾಪ್ಟನ್, ನಾನು, ಮಾದೇವ, ಮುಂಬೈನ ಒಬ್ಬ ಕ್ಯಾಮೆರಾದವನು, ಮತ್ತು ದೋಣಿಯ ಮಾಲೀಕ ಯೆನ್ಸ್. ಯೆನ್ಸ್ ಡೆನ್ಮಾರ್ಕಿನವನು, ಎಪ್ಪತ್ತರ ಹತ್ತಿರ, ಬಿಳಿ ಗಡ್ಡ. ಆ ಸಮುದ್ರ ನಿಜವಾಗಿ ಗೊತ್ತಿದ್ದವನು ಅವನೊಬ್ಬನೇ. ದೋಣಿ ನಮ್ಮ ಊರಿನ ಬಸ್ಸಿಗಿಂತ ಒಂದಿಷ್ಟು ಉದ್ದ, ಅಷ್ಟೆ. ಒಳಗೆ ಡೀಸೆಲ್ ಮತ್ತು ಒದ್ದೆ ಉಣ್ಣೆಯ ವಾಸನೆ. ಹೊರಗೆ ಕತ್ತಲೆಯೇ ಆಗದ ಬೆಳಕು. ಎಷ್ಟು ಹೊತ್ತಾದರೂ ಸೂರ್ಯ ಸೊಂಟದ ಎತ್ತರದಲ್ಲೇ ಸುತ್ತುತ್ತಿದ್ದ.

ಮೊದಲ ಹತ್ತು ದಿನ ಮಾದೇವನಷ್ಟು ಖುಷಿಯಾಗಿದ್ದವರು ಯಾರೂ ಇರಲಿಲ್ಲ. ಹಾಯಿಯ ಹಗ್ಗಗಳನ್ನು ಒಂದೇ ದಿನದಲ್ಲಿ ಕಲಿತ. ಗಾಳ ಬಿಟ್ಟು ತೋಳುದ್ದದ ಮೀನು ಹಿಡಿದ. ನಮ್ಮಮ್ಮ ಕಟ್ಟಿಕೊಟ್ಟ ರಾಗಿಹಿಟ್ಟಿನಲ್ಲಿ ಮುದ್ದೆ ಮಾಡಿ, ಆ ಮೀನಿನ ಸಾರಿನಲ್ಲಿ ಯೆನ್ಸ್‌ಗೆ ನುಂಗುವುದನ್ನು ಕಲಿಸಿದ. ಯೆನ್ಸ್‌ನನ್ನು ತಾತ ಎನ್ನುತ್ತಿದ್ದ. ಯೆನ್ಸ್ ಇವನಿಂದ ಒಂದು ಕನ್ನಡ ಪದ ಕಲಿತು, ಹಗ್ಗ ಸಡಿಲಿಸಬೇಕಾದಾಗಲೆಲ್ಲ "ಬುಡು, ಬುಡು" ಎಂದು ಕೂಗುತ್ತಿದ್ದ. ನನ್ನನ್ನು ಮೇಡಮ್ನೋರೆ ಎನ್ನುವುದು ಬಿಟ್ಟು ಮಾದೇವ ಅಕ್ಕ ಎನ್ನತೊಡಗಿದ್ದೂ ಆ ದೋಣಿಯಲ್ಲೇ.

ಹನ್ನೊಂದನೆಯ ದಿನ ಬೆಳಿಗ್ಗೆ ಎಂಜಿನ್ ನರಳಿ ನಿಂತುಹೋಯಿತು. ಯಾರೋ ಬಿಟ್ಟುಹೋದ ಮೀನಿನ ಬಲೆ ನೀರಿನಡಿ ತೇಲುತ್ತಿದ್ದದ್ದು ನಮ್ಮ ಪ್ರೊಪೆಲ್ಲರಿಗೆ ಸುತ್ತಿಕೊಂಡಿತ್ತು. ಗಾಳಿ ಒಂದಿಷ್ಟೂ ಇಲ್ಲ, ಹಾಯಿ ಬಿಚ್ಚಿ ಪ್ರಯೋಜನವಿಲ್ಲ. ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟುವ ಹಾಗೆ ಹಿಮಗಡ್ಡೆಗಳು ಒಂದರ ಹಿಂದೊಂದು ನಿಧಾನವಾಗಿ ಬರುತ್ತಿದ್ದವು. ಯೆನ್ಸ್ ಗಾಬರಿಯಾಗಲಿಲ್ಲ. ಆಳ ಕಡಿಮೆ ಇದ್ದ ಒಂದು ಮೂಲೆಗೆ ದೋಣಿಯನ್ನು ಹುಟ್ಟಿನಿಂದ ತಳ್ಳಿಸಿ ಲಂಗರು ಹಾಕಿದ, ರೇಡಿಯೋದಲ್ಲಿ ಮಾತಾಡಿದ. ಹತ್ತಿರದ ಊರಿನ ಮೀನುಗಾರರ ದೋಣಿ ಸಂಜೆಯೊಳಗೆ ಬಂದು ನಮ್ಮನ್ನು ಎಳೆದುಕೊಂಡು ಹೋಗುತ್ತದೆ ಎಂದ. ಅಲ್ಲಿಗೆ ಮುಗಿಯಬೇಕಿತ್ತು.

ಕ್ಯಾಪ್ಟನ್ ಒಪ್ಪಲಿಲ್ಲ. ಇನ್ನೊಂದು ದೋಣಿ ನಮ್ಮನ್ನು ಎಳೆದರೆ, ಯಾರ ಸಹಾಯವೂ ಇಲ್ಲದ ಯಾತ್ರೆ ಎಂಬುದು ಸುಳ್ಳಾಗುತ್ತದೆ. ಚಿತ್ರ ಹಾಳಾಗುತ್ತದೆ. "ನೀರಿಗೆ ಅಂಜದವನೊಬ್ಬ ಇದ್ದಾನಲ್ಲ. ಹತ್ತು ನಿಮಿಷದ ಕೆಲಸ. ಬಲೆ ಕತ್ತರಿಸಿ ಬರಲಿ" ಎಂದ.

ಆ ನೀರಿಗೆ ಹೋಗಲು ನೀರು ಒಳಗೆ ಬರದಂಥ ರಬ್ಬರ್ ಸೂಟು ಬೇಕು. ದೋಣಿಯಲ್ಲಿ ಎರಡಿದ್ದವು. ಒಂದು ಕ್ಯಾಪ್ಟನ್ನಿನದು, ಹೊಸದು, ಎದೆಯ ಮೇಲೆ ಪ್ರಾಯೋಜಕರ ಹೆಸರು. ಇನ್ನೊಂದು ಯೆನ್ಸ್‌ನ ಹಳೆಯದು, ಬಲ ಮಣಿಕಟ್ಟಿನಲ್ಲಿ ಹರಿದಿತ್ತು. ಹೊಸದನ್ನು ಕೊಡು ಎಂದು ಯೆನ್ಸ್ ಕೇಳಿದ. ಅದು ತನ್ನ ಅಳತೆಯದು, ಮಾದೇವನಿಗೆ ದೊಗಳೆಯಾಗುತ್ತದೆ ಎಂದ ಕ್ಯಾಪ್ಟನ್. ಅದು ನೆವ. ಮಾರನೆಯ ದಿನದ ಚಿತ್ರೀಕರಣಕ್ಕೆ ಅದು ಬೇಕಿತ್ತು. ಯೆನ್ಸ್ ಹರಿದ ಜಾಗಕ್ಕೆ ಸಲ್ಯೂಷನ್ ಬಳಿದು ತೇಪೆ ಹಾಕುತ್ತಲೇ ಒಂದೇ ಸಮನೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ಈ ತೇಪೆ ಒಣಗಲು ಒಂದು ದಿನ ಬೇಕು. ಕೈಗೆ ನೀರು ನುಗ್ಗುತ್ತದೆ. ಎರಡು ನಿಮಿಷಕ್ಕೆ ಕೈ ಮರಗಟ್ಟುತ್ತದೆ. ಮರಗಟ್ಟಿದ ಕೈಯಲ್ಲಿ ಚೂರಿ ಕೊಡಬೇಡಿ, ಅವನು ತನ್ನ ಕೈಯನ್ನೇ ಕೊಯ್ದುಕೊಂಡರೂ ಅವನಿಗೆ ತಿಳಿಯುವುದಿಲ್ಲ. ಸಂಜೆಯವರೆಗೆ ಕಾಯಿರಿ.

ಇದಿಷ್ಟೂ ನನಗೆ ಅರ್ಥವಾಗಿತ್ತು. ಒಂದೊಂದು ಪದವೂ.

"ಅವನನ್ನು ಹೆದರಿಸಬೇಡಿ ಮೇಡಂ" ಎಂದ ಕ್ಯಾಪ್ಟನ್ ನನ್ನ ಕಡೆ ತಿರುಗಿ. "ನಮ್ಮನ್ನು ಎಳೆದುಕೊಂಡು ಹೋದರೆ ನಿಮ್ಮ ಹಿಮನದಿಯೂ ಹೋಯಿತು. ಅಲ್ಲಿಗೆ ಪರವಾನಗಿ ಇರುವುದು ನಾಳೆಯವರೆಗೆ ಮಾತ್ರ."

ಮಾದೇವ ಸೂಟಿನೊಳಗೆ ಒಂದು ಕಾಲು ಹಾಕಿ ಕೂತಿದ್ದ. ಕ್ಯಾಮೆರಾದವನು ಎದುರಿಗೆ ನಿಂತು ಚಿತ್ರ ತೆಗೆಯುತ್ತಿದ್ದ. "ಏನಂತವ್ರೆ ಅಕ್ಕ?"

"ಹತ್ತು ನಿಮಿಷದ ಕೆಲ್ಸ ಅಂತವ್ರೆ. ಏನೂ ಭಯ ಇಲ್ವಂತೆ."

"ಮತ್ತೆ ತಾತ ಯಾಕೆ ಅಂಗೆ ಕೂಗಾಡ್ತಾವ್ನೆ?"

"ಹುಷಾರಾಗಿ ಮಾಡ್ಲಿ ಅಂತವ್ರೆ, ಅಷ್ಟೆ."

ಅವನು ತಲೆಯಾಡಿಸಿ ಇನ್ನೊಂದು ಕಾಲು ಹಾಕಿದ. ಕ್ಯಾಪ್ಟನ್ನನ್ನು ಬೈಯಲು ನನ್ನ ಹತ್ತಿರ ಬೇಕಾದಷ್ಟು ಮಾತಿದೆ. ಆದರೆ ಆ ಎರಡು ಉತ್ತರ ಕೊಟ್ಟದ್ದು ಅವನಲ್ಲ. ಹಿಮನದಿಯ ನೀರು ಬೇಕಿದ್ದದ್ದು ನನಗೆ.

ಸೊಂಟಕ್ಕೆ ಹಗ್ಗ ಕಟ್ಟಿ ಅವನನ್ನು ನೀರಿಗೆ ಬಿಟ್ಟೆವು. ಹತ್ತು ನಿಮಿಷ ಆಯಿತು, ಇಪ್ಪತ್ತಾಯಿತು. ಮೂರು ಸಲ ಮೇಲೆ ಬಂದು ಉಸಿರು ಎಳೆದುಕೊಂಡು ಮತ್ತೆ ಹೋದ. ಕೊನೆಗೆ ಬಲೆಯ ಗಂಟೊಂದು ಕಳಚಿ ತೇಲಿತು. ಅವನನ್ನು ಎಳೆದು ಮೇಲೆ ಹಾಕಿಕೊಂಡಾಗ ಮುಖ ಬೂದಿ ಬಣ್ಣವಾಗಿತ್ತು, ನಗುತ್ತಿದ್ದ. "ಕಿತ್ತಾಕ್ದೆ ಅಕ್ಕ" ಎಂದ. ಕೈಗವಸು ತೆಗೆದರೆ ಬಲಗೈಯ ಎರಡು ಬೆರಳುಗಳು ಬುಡದಲ್ಲಿ ಮೂಳೆಯವರೆಗೆ ಕೊಯ್ದಿದ್ದವು. ಚಳಿಗೆ ರಕ್ತವೂ ಬರುತ್ತಿರಲಿಲ್ಲ. ಅವನು ಅದನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿದ. ಒಲೆಯ ಹತ್ತಿರ ಕೂರಿಸಿದ ಮೇಲೆ ಒಮ್ಮೆಲೇ ಹರಿಯತೊಡಗಿತು.

ಯೆನ್ಸ್ ಈಗಲೇ ಆಸ್ಪತ್ರೆಯಿರುವ ಊರಿಗೆ ತಿರುಗೋಣ ಎಂದ. ಪಟ್ಟಿ ಕಟ್ಟಿದ್ದೇವಲ್ಲ, ಎಂಜಿನ್ ಸರಿಯಾಗಿದೆ, ಮೀನುಗಾರರ ದೋಣಿ ಬೇಡವೆನ್ನಿ, ನಾಳೆ ಒಂದು ದಿನ ಮುಗಿಸಿ ಹೋಗೋಣ ಎಂದ ಕ್ಯಾಪ್ಟನ್. ನಾನು ನಾಳೆಯ ಬಾಟಲಿಗಳನ್ನು ಎಣಿಸಿಟ್ಟೆ. ನಾನು ಯೆನ್ಸ್ ಕಡೆ ನಿಂತಿದ್ದರೆ ಅವತ್ತೇ ದೋಣಿ ತಿರುಗುತ್ತಿತ್ತು.

ಮಾರನೆಯ ದಿನ ಹಿಮನದಿಯ ಬಾಯಿಗೆ ಹೋದೆವು. ಮಾದೇವ ಒಳಗೆ ಜ್ವರದಲ್ಲಿ ಮಲಗಿದ್ದ. ನಾನು ಹೊರಗೆ ಬಗ್ಗಿ ಬಾಟಲಿ ತುಂಬುತ್ತಿದ್ದೆ. ಕ್ಯಾಪ್ಟನ್ ಹೊಸ ಸೂಟು ಹಾಕಿಕೊಂಡು ದೋಣಿಯ ಹಿಂಭಾಗದಲ್ಲಿ ಮುಳುಗಿ, ಬಾಯಲ್ಲಿ ಚೂರಿ ಕಚ್ಚಿಕೊಂಡು ಎದ್ದ. ಕ್ಯಾಮೆರಾದವನು ಅದನ್ನು ಐದಾರು ಸಲ ತೆಗೆದ. ಅದು ಏತಕ್ಕೆ ಎಂದು ನಾನು ಕೇಳಲಿಲ್ಲ.

ಅದರ ಮಾರನೆಯ ದಿನಕ್ಕೆ ಮಾದೇವನ ಕೈ ಮೊಣಕೈವರೆಗೆ ಬಾತುಕೊಂಡು ಕೆಟ್ಟ ವಾಸನೆ ಬರತೊಡಗಿತು. ಆಗ ಯೆನ್ಸ್ ಯಾರನ್ನೂ ಕೇಳಲಿಲ್ಲ. ಚುಕ್ಕಾಣಿ ತಾನೇ ಹಿಡಿದು ದೋಣಿಯನ್ನು ದಕ್ಷಿಣಕ್ಕೆ ತಿರುಗಿಸಿದ. ಕ್ಯಾಪ್ಟನ್ ಅಡ್ಡ ಬಂದಾಗ ಅವನ ಎದೆಗೆ ಕೈಯಿಟ್ಟು ಪಕ್ಕಕ್ಕೆ ತಳ್ಳಿದ. ಆಸ್ಪತ್ರೆಯಲ್ಲಿ ಆ ಎರಡು ಬೆರಳು ತೆಗೆದರು. ಉಳಿದ ಬೆರಳುಗಳಿಗೆ ಸ್ಪರ್ಶ ಮರಳಿ ಬರಬಹುದು, ಬರದೆಯೂ ಇರಬಹುದು ಎಂದರು. ಅದನ್ನು ಮಾತ್ರ ಒಂದಕ್ಷರ ಬಿಡದೆ ಅವನಿಗೆ ಹೇಳಿದೆ.

ಊರಿಗೆ ಬಂದ ಮೇಲೆ ನಾಲ್ಕೈದು ಸಲ ಫೋನ್ ಮಾಡಿದೆ. ಆಮೇಲೆ ಬಿಟ್ಟೆ. ಆ ಬಾಟಲಿಗಳ ನೀರಿನಿಂದ ನನ್ನ ಪ್ರಬಂಧ ಪ್ರಕಟವಾಯಿತು, ಕಾಲೇಜಿನಲ್ಲಿ ಮೇಲಿನ ಹುದ್ದೆಯೂ ಬಂತು. ಪ್ರಬಂಧದ ಕೊನೆಯಲ್ಲಿ ಕ್ಯಾಪ್ಟನ್ನಿಗೆ, ಯೆನ್ಸ್‌ಗೆ, ಕಾಲೇಜಿಗೆ ಕೃತಜ್ಞತೆ ಹೇಳಿದ್ದೇನೆ. ಮಾದೇವನ ಹೆಸರಿಲ್ಲ. ಮರೆತು ಬಿಟ್ಟದ್ದಲ್ಲ. ಬರೆಯಲು ಹೋದಾಗಲೆಲ್ಲ ಕೈ ಹಿಂದೆ ಸರಿಯಿತು.

ಕಳೆದ ತಿಂಗಳು ಮಂಡ್ಯದಲ್ಲಿ ಕ್ಯಾಪ್ಟನ್ನಿಗೆ ಸನ್ಮಾನವಿತ್ತು. ಸಭಾಂಗಣ ಭರ್ತಿ, ಅರ್ಧಕ್ಕರ್ಧ ಕಾಲೇಜು ಮಕ್ಕಳು. ಪೇಟ, ಶಾಲು, ಹಾರ ಎಲ್ಲ ಆದ ಮೇಲೆ ಚಿತ್ರ ಹಾಕಿದರು. ನಾನು ಮೂರನೆಯ ಸಾಲಿನಲ್ಲಿದ್ದೆ. ಎಂಜಿನ್ ನಿಲ್ಲುವುದು ಬಂತು, ಹಿಮಗಡ್ಡೆಗಳು ಬಂದವು. ಯಾರ ಪ್ರಾಣವನ್ನೂ ಅಪಾಯಕ್ಕೆ ಒಡ್ಡಲು ನಾಯಕ ಒಪ್ಪಲಿಲ್ಲ, ತಾನೇ ಮುಂದಾದ ಎಂದು ಗಂಭೀರ ದನಿಯೊಂದು ಹೇಳಿತು. ಹೊಸ ಸೂಟಿನ ಕ್ಯಾಪ್ಟನ್ ಬಾಯಲ್ಲಿ ಚೂರಿ ಕಚ್ಚಿಕೊಂಡು ನೀರಿನಿಂದ ಎದ್ದ. ಮಕ್ಕಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಾದೇವ ಒಂದೇ ಕಡೆ ಕಂಡ. ಮುದ್ದೆ ಕಟ್ಟುತ್ತಿದ್ದ. ಕೆಳಗೆ 'ಅಡುಗೆ ಸಹಾಯಕ' ಎಂದು ಬರೆದಿತ್ತು.

ಎದ್ದು ಹೇಳಬೇಕಿತ್ತು. ಸುತ್ತ ನನ್ನ ವಿದ್ಯಾರ್ಥಿಗಳೇ ಕೂತಿದ್ದರು, ಹೇಳಲಿಲ್ಲ. ಹಿಂದಿನ ಕೋಣೆಯಲ್ಲಿ ಎಲ್ಲರೂ ಕೇಸರಿಬಾತ್ ತಿನ್ನುವಾಗ ಕ್ಯಾಪ್ಟನ್ನನ್ನು ಮೂಲೆಗೆ ಕರೆದು ಕೇಳಿದೆ. "ಬಲೆ ಕತ್ತರಿಸಿದ್ದು ನೀವಾ?"

ಅವನಿಗೆ ಮುಜುಗರವೂ ಆಗಲಿಲ್ಲ. "ಚಿತ್ರ ಎಂದ ಮೇಲೆ ಹಾಗೆಲ್ಲ ಇರುತ್ತೆ ಮೇಡಂ. ನೋಡುವವರಿಗೆ ಒಬ್ಬ ನಾಯಕ ಬೇಕು."

"ಮಾದೇವನ ಎರಡು ಬೆರಳು ಹೋಗಿವೆ."

"ಗೊತ್ತು. ನನಗೂ ಬೇಜಾರಿದೆ." ಚಮಚ ಕೆಳಗಿಟ್ಟ. "ಆದರೆ ಅವನಿಗೆ ಹೇಳಿ ಒಪ್ಪಿಸಿದ್ದು ನಾನಲ್ಲ. ನನಗೆ ಕನ್ನಡ ಬರುವುದಿಲ್ಲವಲ್ಲ."

ಇಷ್ಟು ಹೇಳಿ, ಫೋಟೋಗೆ ಕರೆಯುತ್ತಿದ್ದ ಮಕ್ಕಳ ಕಡೆ ನಗುತ್ತ ಹೋದ. ನಾನು ತಟ್ಟೆ ಹಿಡಿದು ನಿಂತಿದ್ದೆ. ಮೈಯೆಲ್ಲ ಉರಿಯುತ್ತಿತ್ತು. ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ ಎಂಬುದಕ್ಕೇ ಹೆಚ್ಚು ಉರಿ.

ಮಾರನೆಯ ಬೆಳಿಗ್ಗೆ ಮುಂಬೈನ ಕ್ಯಾಮೆರಾದವನಿಗೆ ಫೋನ್ ಮಾಡಿದೆ. ಅವನು ಕ್ಯಾಪ್ಟನ್ನಿನ ಸಹವಾಸ ಬಿಟ್ಟು ಒಂದು ವರ್ಷವಾಗಿತ್ತು. ಎಲ್ಲ ಕೇಳಿಸಿಕೊಂಡು, ಕತ್ತರಿಸದ ಚಿತ್ರದ ಒಂದು ತುಂಡು ಕಳಿಸಿದ. ಜೊತೆಗೆ ಎರಡು ಸಾಲು. "ಈ ತುಂಡಿನಲ್ಲಿ ಯೆನ್ಸ್ ಅಷ್ಟು ಹೇಳುತ್ತಿದ್ದರೂ ಮಾದೇವ ಯಾಕೆ ಒಪ್ಪಿದ ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ನೀವು ಅವನಿಗೆ ಏನು ಹೇಳಿದಿರಿ?"

ಅದನ್ನು ಫೋನಿನಲ್ಲಿ ಇಟ್ಟುಕೊಂಡೇ ನಾನು ಮದ್ದೂರಿನಲ್ಲಿ ಬಸ್ಸಿಗೆ ಕಾದದ್ದು.

ಮಾದೇವನ ಮನೆಯಲ್ಲಿ ಶಿವಮ್ಮ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಬನ್ನಿ ಎನ್ನಲಿಲ್ಲ. "ಕರ್ಕೊಂಡೋದವ್ರು ಈಗ ಬಂದ್ರಾ" ಎಂದಳು. ಮಾದೇವ ಜಗುಲಿಯ ಮೇಲೆ ಕೂತು ಹಲ್ಲಿನಿಂದ ಬಲೆಯ ದಾರ ಎಳೆದು ಗಂಟು ಹಾಕುತ್ತಿದ್ದ. "ಕೂತ್ಕಳಿ ಮೇಡಮ್ನೋರೆ" ಎಂದ. ಅಕ್ಕ ಎನ್ನಲಿಲ್ಲ.

"ಈಗಲೂ ಕರೀತಾರಾ, ಹೊಳೆಗೆ?" ಎಂದೆ. ಬೇರೆ ಏನು ಕೇಳುವುದೋ ತಿಳಿಯಲಿಲ್ಲ.

"ಕರೀತಾರೆ. ದಡದಾಗೆ ನಿಂತ್ಕಂಡು ಅಲ್ನೋಡಿ ಇಲ್ನೋಡಿ ಅಂತ ತೋರುಸ್ತೀನಿ." ಬಲಗೈ ಎತ್ತಿ ಉಳಿದ ಬೆರಳುಗಳನ್ನು ಹೆಬ್ಬೆರಳಿಗೆ ಉಜ್ಜಿದ. "ಕಲ್ಲು ಯಾವ್ದು ಬಟ್ಟೆ ಯಾವ್ದು ಗೊತ್ತಾಗಾಕಿಲ್ಲ. ಓದ ಬ್ಯಾಸಿಗೇಲಿ ಒಂದು ಎಣ್ಣು ಮಗ ಒಳೇಲಿ ಓಯ್ತು. ನಾನು ಮುಳುಗ್ದೆ. ಕೈಗೆ ಸಿಕ್ಕಿತ್ತು ಕಣಮ್ಮ. ಬಂಡೆ ಅಂದ್ಕಂಡು ಬುಟ್ಬಂದೆ. ಮಾರ್ನೆ ದಿನ ಅಲ್ಲೇ ತೇಲ್ತು."

ನಾನು ಫೋನು ತೆಗೆದು ಅವನ ಮುಂದಿಟ್ಟೆ. ಶಿವಮ್ಮನೂ ಬಂದು ಬಗ್ಗಿದಳು. ಸಣ್ಣ ಪರದೆಯಲ್ಲಿ ಮಾದೇವ ಅರ್ಧ ಸೂಟಿನಲ್ಲಿ ಕೂತಿದ್ದ. ಏನಂತವ್ರೆ ಅಕ್ಕ ಎಂದ. ಭಯ ಇಲ್ವಂತೆ ಎಂದು ನನ್ನ ದನಿ ಸ್ಪಷ್ಟವಾಗಿ ಕೇಳಿತು. ಹಿಂದೆ ಯೆನ್ಸ್ ಕೂಗುತ್ತಲೇ ಇದ್ದ.

ಮುಗಿದ ಮೇಲೆ ಮಾದೇವ ಮತ್ತೆ ಹಾಕಿಸಿದ. ಮೂರನೆಯ ಸಲ ನಡುವೆ ನಿಲ್ಲಿಸಲು ಹೇಳಿದ.

"ತಾತ ಇಲ್ಲಿ ಏನಂತವ್ನೆ? ಸರ್ಯಾಗಿ ಯೋಳಿ."

ಹೇಳಿದೆ. ಒಂದೊಂದೇ ವಾಕ್ಯ ಕೇಳಿಸಿ, ನಿಲ್ಲಿಸಿ, ಹೇಳಿದೆ. ತೇಪೆ ಒಣಗಿಲ್ಲ. ನೀರು ನುಗ್ತದೆ. ಕೈ ಮರಗಟ್ತದೆ. ಚೂರಿ ಕೊಡಬೇಡಿ. ಸಂಜೆವರೆಗೆ ಕಾಯಿರಿ, ದೋಣಿ ಬತ್ತದೆ. ಬಿಡದೆ ಎಲ್ಲವನ್ನೂ ಹೇಳಿದೆ. ಕೊನೆಗೆ, ನನಗೆ ಆ ನೀರು ಬೇಕಾಗಿತ್ತು, ಅದಕ್ಕೆ ಹೇಳಲಿಲ್ಲ ಎಂದೂ ಹೇಳಿದೆ.

ಶಿವಮ್ಮ ಎದ್ದು ಒಳಗೆ ಹೋದಳು. ಪಾತ್ರೆಯೊಂದು ನೆಲಕ್ಕೆ ಬಿದ್ದ ಸದ್ದಾಯಿತು. ಬಿದ್ದದ್ದಲ್ಲ, ಎಸೆದದ್ದು.

ಮಾದೇವ ಕೈಯಲ್ಲಿದ್ದ ಬಲೆಯನ್ನು ಪಕ್ಕಕ್ಕಿಟ್ಟ. "ದೋಣಿ ಬತ್ತಿತ್ತಾ" ಎಂದ. "ಆ ಕ್ಯಾಪ್ಟನ್ ನನ್ಮಗಂದು ಇರ್ಲಿ. ಅವ್ನು ಯಾವೂರವ್ನೋ. ನೀವು ನಮ್ಮೋರು ಅಂತ ನಾನು ಬಂದಿದ್ದು." ಕ್ಷಮಿಸು ಎನ್ನಲು ಬಾಯಿ ತೆರೆದೆ. ಅವನು ಕೈ ಅಡ್ಡ ಹಿಡಿದ. "ಅದ ಬುಡಿ. ಆ ವೀಡಿಯೋ ನನ್ ಫೋನಿಗೆ ಆಕಿ."

"ನನ್ನ ದನಿನೂ ಇದೆ ಅದರಲ್ಲಿ."

"ಇರ್ಲಿ."

ಹಾಕಿದೆ. ವಾರದೊಳಗೆ ಅದು ಮಳವಳ್ಳಿ ದಾಟಿ, ಮದ್ದೂರು ದಾಟಿ, ನಮ್ಮ ಕಾಲೇಜಿನ ಸ್ಟಾಫ್ ರೂಮಿಗೆ ಬಂತು. ನಾನು ಒಳಗೆ ಹೋದಾಗ ಮಾತು ನಿಲ್ಲುತ್ತಿತ್ತು. ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬ ಭಯ ಇಲ್ವಂತೆ ಎಂದು ನನ್ನ ದನಿಯಲ್ಲೇ ಅಂದ, ಉಳಿದವರು ನಕ್ಕರು. ಕ್ಯಾಪ್ಟನ್ ಫೋನ್ ಮಾಡಿ ಕೋರ್ಟು, ನೋಟೀಸು ಎಂದು ಕೂಗಾಡಿದ. ಕಳಿಸಿ ಎಂದೆ. ಮುಂದಿನ ವಾರ ಮೈಸೂರಿನಲ್ಲಿ ಆಗಬೇಕಿದ್ದ ಅವನ ಇನ್ನೊಂದು ಸನ್ಮಾನ ನಿಂತಿತು. ಸನ್ಮಾನ ಮಾಡಿದ್ದ ಮಂಡ್ಯದ ಸಮಿತಿಯವರು, ಅವತ್ತು ದೋಣಿಯಲ್ಲಿ ಏನಾಯಿತೆಂದು ನೀವೇ ಬರೆದು ಸಹಿ ಹಾಕಿ ಕೊಡಿ ಎಂದು ನನ್ನನ್ನು ಕೇಳಿದರು.

ಬರೆಯಲು ಕೂತ ದಿನ ಮಾದೇವನಿಗೆ ಫೋನ್ ಮಾಡಿದೆ. ಎತ್ತುತ್ತಾನೆಂದು ನಂಬಿಕೆ ಇರಲಿಲ್ಲ. ಎತ್ತಿದ.

"ಸಮಿತಿಯವ್ರು ಕೇಳ್ತಾವ್ರೆ. ಏನಂತ ಬರೀಲಿ?"

"ಆಗಿದ್ದ ಬರೀರಿ." ಎಂದ. "ಮಾದೇವ ನೀರಿಗೆ ಇಳಿದ ಅಂತ ಬರೀಬ್ಯಾಡಿ. ಇಳ್ಸುದ್ರು ಅಂತ ಬರೀರಿ."

"ಯಾರು ಇಳಿಸಿದ್ರು ಅಂತ ಬರೀಲಿ?"

"ನಿಮಗೆ ಗೊತ್ತಿಲ್ವಾ" ಎಂದು ಫೋನ್ ಇಟ್ಟ.

ನಾನು ಬರೆದುಕೊಟ್ಟ ಕಾಗದ ಹೀಗೆ ಶುರುವಾಗುತ್ತದೆ: ಕ್ಯಾಪ್ಟನ್ ಮತ್ತು ನಾನು ಸೇರಿ ಮಾದೇವನನ್ನು ನೀರಿಗೆ ಇಳಿಸಿದೆವು.